ಸ್ಮಾರಕ, ದೇಹ ಮತ್ತು ಪ್ರಭುತ್ವ: ಶಿಲ್ಪಿ ಚಾರ್ಲ್ಸ್ ಸಾರ್ಜೆಂಟ್ ಜ್ಯಾಗರನ ಬದುಕು

ಸ್ಮಾರಕಗಳನ್ನು ಕುರಿತ ನಮ್ಮ ಚರ್ಚೆ ಬಹುಮಟ್ಟಿಗೆ ಯಾರ ನೆನಪಿಗಾಗಿ, ಯಾರಿಂದ ಎಂಬ ಎರಡು ಪ್ರಶ್ನೆಗಳ ಸುತ್ತಲೇ ನಡೆಯುತ್ತದೆ. ಆ ನೆನಪಿಗೆ ಯಾವ ಬಗೆಯ ದೇಹವನ್ನು ಕೊಡಲಾಯಿತು ಎಂಬ ಮೂರನೆಯ ಪ್ರಶ್ನೆ ಅಷ್ಟಾಗಿ ಕೇಳಿಬರುವುದಿಲ್ಲ. ಇಪ್ಪತ್ತನೆಯ ಶತಮಾನದ ಆರಂಭದ ಬ್ರಿಟಿಷ್ ಶಿಲ್ಪಿ ಚಾರ್ಲ್ಸ್ ಸಾರ್ಜೆಂಟ್ ಜ್ಯಾಗರನ ಬದುಕು ಈ ಪ್ರಶ್ನೆಯನ್ನು ಎತ್ತಿಕೊಳ್ಳುವುದಕ್ಕೆ ತಕ್ಕ ನಿದರ್ಶನವಾಗಿದೆ. ಸಾಮಾನ್ಯ ಸೈನಿಕನ ಸಾವನ್ನು ಮರೆಮಾಚದೆ ತೋರಿಸಿದವನೂ ಅವನೇ, ಸಾಮ್ರಾಜ್ಯದ ಅಧಿಪತಿಯನ್ನು ಅಮೃತಶಿಲೆಯಲ್ಲಿ ಎತ್ತರಕ್ಕೆ ಏರಿಸಿದವನೂ ಅವನೇ. ಈ ಎರಡು ಬಗೆಯ ಕೃತಿಗಳು ಕಂಡ ಗತಿಯನ್ನು ಅವನ ಜೀವನದ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಜ್ಯಾಗರ್ ಹುಟ್ಟಿದ್ದು 1885ರ ಡಿಸೆಂಬರ್ 17ರಂದು, ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತದ ಕಿಲ್ನ್‌ಹರ್ಸ್ಟ್ ಎಂಬ ಊರಿನಲ್ಲಿ. ತಂದೆ ಕಲ್ಲಿದ್ದಲು ಗಣಿಯೊಂದರ ವ್ಯವಸ್ಥಾಪಕ. ಅಕ್ಕತಮ್ಮಂದಿರಲ್ಲಿ ಈಡಿತ್ ಮತ್ತು ಡೇವಿಡ್ ಮುಂದೆ ಚಿತ್ರಕಲಾವಿದರಾಗಿ ಹೆಸರು ಪಡೆದರು. ಚಾರ್ಲ್ಸ್ ಮಾತ್ರ ಹದಿನಾಲ್ಕನೆಯ ವಯಸ್ಸಿಗೇ ಶೆಫೀಲ್ಡ್ ನಗರದ ಮ್ಯಾಪಿನ್ ಅಂಡ್ ವೆಬ್ ಸಂಸ್ಥೆಯಲ್ಲಿ ಲೋಹದ ಮೇಲೆ ಕೆತ್ತನೆ ಮಾಡುವ ಕೆಲಸಕ್ಕೆ ಅಪ್ರೆಂಟಿಸ್ ಆಗಿ ಸೇರಿದ. ಹಗಲು ದುಡಿಮೆ, ಸಂಜೆ ಶೆಫೀಲ್ಡ್ ಕಲಾಶಾಲೆಯಲ್ಲಿ ಕಲಿಕೆ. ವಿದ್ಯಾರ್ಥಿವೇತನದ ನೆರವಿನಿಂದ 1908ರಲ್ಲಿ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್ ಸೇರಿ, ಎಡ್ವರ್ಡ್ ಲಾಂಟೆರಿಯ ಬಳಿ ಶಿಲ್ಪಕಲೆಯನ್ನು ಅಭ್ಯಾಸ ಮಾಡಿದ. ಈ ಹಿನ್ನೆಲೆಯನ್ನು ಕೇವಲ ಜೀವನವಿವರವೆಂದು ದಾಟಿಹೋಗುವಂತಿಲ್ಲ. ಮುಂದೆ ಅವನ ಸೈನಿಕರ ಬೂಟು, ಬೆಲ್ಟು, ಬಕಲುಗಳಲ್ಲಿ ಕಾಣುವ ವಸ್ತುನಿಷ್ಠತೆ ಒಬ್ಬ ಕುಶಲಕರ್ಮಿಯ ಕೈಯಿಂದ ಬಂದದ್ದು. ದುಡಿಯುವವನ ದೇಹವನ್ನು ಅವನು ಹೊರಗಿನಿಂದ ನೋಡಿದವನಲ್ಲ.

1914ರಲ್ಲಿ ಜ್ಯಾಗರನಿಗೆ ಶಿಲ್ಪಕಲೆಗಾಗಿ ರೋಮ್ ಪುರಸ್ಕಾರ ದೊರೆಯಿತು. ರೋಮಿಗೆ ತೆರಳಿ ಪ್ರಾಚೀನ ಶಿಲ್ಪಗಳ ಸನ್ನಿಧಿಯಲ್ಲಿ ಕೆಲಸ ಮಾಡುವ ಅವಕಾಶ ಅದು. ಅದೇ ವರ್ಷ ಮಹಾಯುದ್ಧ ಆರಂಭವಾಯಿತು. ಪುರಸ್ಕಾರವನ್ನು ಬಿಟ್ಟುಕೊಟ್ಟು ಅವನು ಆರ್ಟಿಸ್ಟ್ಸ್ ರೈಫಲ್ಸ್ ದಳವನ್ನು ಸೇರಿದ. ಮರುವರ್ಷ ವೂಸ್ಟರ್‌ಷೈರ್ ರೆಜಿಮೆಂಟಿನಲ್ಲಿ ಅಧಿಕಾರಿಯಾದ. 1915ರಲ್ಲಿ ಗಲಿಪೊಲಿಯಲ್ಲಿ ಗುಂಡೇಟು ತಿಂದ. 1918ರ ಏಪ್ರಿಲ್‌ನಲ್ಲಿ ಬೆಲ್ಜಿಯಂ ಗಡಿಯ ನವೆಗ್ಲೀಸ್ ಕಾಳಗದಲ್ಲಿ ಮತ್ತೆ ತೀವ್ರವಾಗಿ ಗಾಯಗೊಂಡ. ಶೌರ್ಯಕ್ಕಾಗಿ ಮಿಲಿಟರಿ ಕ್ರಾಸ್ ಪದಕ ದೊರೆಯಿತು. ಗ್ರೀಕ್ ರೋಮನ್ ಪರಂಪರೆಯ ಸುಂದರ ದೇಹವನ್ನು ಕಾಣಬೇಕಾಗಿದ್ದ ಕಣ್ಣು ಕಂದಕದ ಕೆಸರಿನಲ್ಲಿ ಬಿದ್ದ ದೇಹಗಳನ್ನು ಕಂಡಿತು. ಅವನ ಮುಂದಿನ ಕಲೆಯನ್ನು ರೂಪಿಸಿದ್ದು ಈ ಪಲ್ಲಟ.

ಯುದ್ಧಾನಂತರ ಅವನು ಕಂಚಿನಲ್ಲಿ ರಚಿಸಿದ ‘ನೋ ಮ್ಯಾನ್ಸ್ ಲ್ಯಾಂಡ್’ ಎಂಬ ಉಬ್ಬುಶಿಲ್ಪ ಇದಕ್ಕೆ ಮೊದಲ ಸಾಕ್ಷ್ಯ. ಮುಳ್ಳುತಂತಿಗೆ ಸಿಲುಕಿದ ಹೆಣಗಳು, ಅವುಗಳ ನಡುವೆ ಅಡಗಿ ಶತ್ರುವಿನ ಸದ್ದಿಗೆ ಕಿವಿಗೊಟ್ಟು ಮಲಗಿರುವ ಒಬ್ಬ ಜೀವಂತ ಸೈನಿಕ: ಇಷ್ಟೇ ಅದರ ವಸ್ತು. ಇಲ್ಲಿ ವಿಜಯವಿಲ್ಲ, ದೇವತೆಗಳಿಲ್ಲ. ಆ ಕಾಲದ ಬ್ರಿಟನ್ನಿನ ಊರೂರುಗಳಲ್ಲಿ ಶಿಲುಬೆ, ಸ್ತಂಭ, ರೆಕ್ಕೆಯುಳ್ಳ ವಿಜಯದೇವತೆಗಳ ರೂಪದ ಸ್ಮಾರಕಗಳು ಏಳುತ್ತಿದ್ದುವೆಂಬುದನ್ನು ನೆನೆದರೆ ಈ ನಿರಾಕರಣೆಯ ಮಹತ್ವ ಅರಿವಾಗುತ್ತದೆ. ಲಂಡನ್ನಿನ ಪ್ಯಾಡಿಂಗ್ಟನ್ ರೈಲುನಿಲ್ದಾಣದಲ್ಲಿ 1922ರಲ್ಲಿ ಅನಾವರಣಗೊಂಡ ಗ್ರೇಟ್ ವೆಸ್ಟರ್ನ್ ರೈಲ್ವೆಯ ಸ್ಮಾರಕದಲ್ಲಿ ಅವನು ಇನ್ನೊಂದು ಹೆಜ್ಜೆ ಮುಂದಿಟ್ಟ. ಯುದ್ಧದಲ್ಲಿ ಮಡಿದ ಎರಡೂವರೆ ಸಾವಿರಕ್ಕೂ ಹೆಚ್ಚು ರೈಲ್ವೆ ನೌಕರರ ನೆನಪಿಗೆ ಅವನು ಕೊಟ್ಟ ರೂಪ, ದಪ್ಪ ಓವರ್‌ಕೋಟನ್ನು ಹೆಗಲ ಮೇಲೆ ಹೊದ್ದು, ಕೊರಳಿಗೆ ಉಣ್ಣೆಯ ಮಫ್ಲರ್ ಸುತ್ತಿ, ಮನೆಯಿಂದ ಬಂದ ಕಾಗದವನ್ನು ಓದುತ್ತ ನಿಂತಿರುವ ಸೈನಿಕನದು. ಕೈಯಲ್ಲಿ ಆಯುಧವಿಲ್ಲ. ಜನರು ಪ್ರತಿದಿನ ಬೀಳ್ಕೊಡುವ, ಬರಮಾಡಿಕೊಳ್ಳುವ ಸ್ಥಳದಲ್ಲಿ, ಮರಳಿ ಬಾರದವನು ಕಾಗದ ಓದುತ್ತಲೇ ಉಳಿದಿದ್ದಾನೆ.

ಜ್ಯಾಗರನ ಮೇರುಕೃತಿಯೆಂದು ಪರಿಗಣಿತವಾದದ್ದು ಲಂಡನ್ನಿನ ಹೈಡ್ ಪಾರ್ಕ್ ಕಾರ್ನರ್‌ನಲ್ಲಿರುವ ರಾಯಲ್ ಆರ್ಟಿಲರಿ ಸ್ಮಾರಕ. ಫಿರಂಗಿದಳದ 49,076 ಮೃತರ ನೆನಪಿನ ಈ ಸ್ಮಾರಕವನ್ನು ಅವನು ವಾಸ್ತುಶಿಲ್ಪಿ ಲಯನೆಲ್ ಪಿಯರ್ಸನ್ ಜೊತೆಗೂಡಿ ರಚಿಸಿದ. 1925ರ ಅಕ್ಟೋಬರ್ 18ರಂದು ಅದು ಅನಾವರಣಗೊಂಡಿತು. ಪೋರ್ಟ್‌ಲ್ಯಾಂಡ್ ಶಿಲೆಯ ಎತ್ತರದ ಪೀಠದ ಮೇಲೆ ಅದೇ ಶಿಲೆಯಲ್ಲಿ ಕೆತ್ತಿದ ಭಾರಿ ಹೋವಿಟ್ಜರ್ ಫಿರಂಗಿಯಿದೆ. ಸುತ್ತಲೂ ಕಂಚಿನ ನಾಲ್ಕು ಆಕೃತಿಗಳು. ಮೂವರು ಬದುಕಿರುವವರು: ಒಬ್ಬ ಅಧಿಕಾರಿ, ಒಬ್ಬ ಫಿರಂಗಿಗಾಡಿಯ ಸಾರಥಿ, ಫಿರಂಗಿಗುಂಡುಗಳನ್ನು ಹೊರುವ ಮತ್ತೊಬ್ಬ. ನಾಲ್ಕನೆಯವನು ಸತ್ತಿದ್ದಾನೆ. ಅವನ ಮೇಲೆ ಓವರ್‌ಕೋಟು ಹೊದಿಸಿದೆ, ಮುಖ ಕಾಣುವುದಿಲ್ಲ. ಬೂಟು ತೊಟ್ಟ ಕಾಲುಗಳು ಹೊರಗೆ ಚಾಚಿವೆ. ಈ ನಾಲ್ಕನೆಯ ಆಕೃತಿ ಸ್ಮಾರಕಸಮಿತಿಯಲ್ಲಿ ಆಕ್ಷೇಪಕ್ಕೆ ಒಳಗಾಯಿತು; ಮಕ್ಕಳನ್ನು ಕಳೆದುಕೊಂಡವರಿಗೆ ಅದು ನೋವು ತರುವುದೆಂಬ ಆತಂಕ ಸದಸ್ಯರಲ್ಲಿತ್ತು. ಜ್ಯಾಗರ್ ಮಣಿಯಲಿಲ್ಲ. ಅದರ ಎರಕದ ವೆಚ್ಚವನ್ನು ತಾನೇ ಭರಿಸಲು ಮುಂದಾದ. ಸತ್ತವರ ಸ್ಮಾರಕದಲ್ಲಿ ಸತ್ತವನಿಗೇ ಸ್ಥಳವಿಲ್ಲದಂತಾಗುವುದನ್ನು ಅವನು ಒಪ್ಪಲು ಸಿದ್ಧನಿರಲಿಲ್ಲ. ಅನಾವರಣದ ಬಳಿಕ ಫಿರಂಗಿಯ ಕ್ರೌರ್ಯವನ್ನು ಕುರಿತು ಪತ್ರಿಕೆಗಳಲ್ಲಿ ಕಟುವಾದ ಟೀಕೆಗಳೂ ಬಂದವು. ಆದರೆ ಯುದ್ಧದಿಂದ ಮರಳಿದ ಸೈನಿಕರು ಇದರಲ್ಲಿ ತಮ್ಮ ಅನುಭವವನ್ನು ಗುರುತಿಸಿಕೊಂಡರು.

ಇಲ್ಲಿಗೇ ನಿಲ್ಲಿಸಿದ್ದರೆ ಜ್ಯಾಗರನ ಕಥನ ಸರಳವಾಗುತ್ತಿತ್ತು. ಆದರೆ ಇದೇ ಅವಧಿಯಲ್ಲಿ ಸಾಮ್ರಾಜ್ಯದ ಕೆಲಸಗಳೂ ಅವನ ಕೈಸೇರಿದವು. ಈಜಿಪ್ಟಿನ ಸುಯೆಜ್ ಕಾಲುವೆಯ ದಕ್ಷಿಣ ತುದಿಯ ಪೋರ್ಟ್ ತೌಫೀಕ್‌ನಲ್ಲಿ 1926ರಲ್ಲಿ ಅನಾವರಣಗೊಂಡ ಭಾರತೀಯ ಸ್ಮಾರಕ ಅವುಗಳಲ್ಲೊಂದು. ಸಿನಾಯ್ ಮತ್ತು ಪ್ಯಾಲೆಸ್ಟೀನ್ ರಣರಂಗದಲ್ಲಿ ಮಡಿದ ಸುಮಾರು 4,000 ಭಾರತೀಯ ಸೈನಿಕರ ಸ್ಮರಣೆಗೆಂದು ಅದನ್ನು ನಿರ್ಮಿಸಲಾಯಿತು; ಮೈಸೂರು ಸಂಸ್ಥಾನದ ಲ್ಯಾನ್ಸರ್ಸ್ ಪಡೆಯೂ ಹೋರಾಡಿದ್ದು ಇದೇ ರಣರಂಗದಲ್ಲಿ. ವಾಸ್ತುವಿನ್ಯಾಸ ಜಾನ್ ಬರ್ನೆಟ್‌ನದು, ಶಿಲ್ಪ ಜ್ಯಾಗರನದು. ಅಲ್ಲಿ ಅವನು ರಚಿಸಿದ್ದು ಹುಲಿಗಳನ್ನು. ಲಂಡನ್ನಿನ ಫಿರಂಗಿದಳದವನಿಗೆ ಬೂಟು, ಕೋಟು, ಹೆಣದ ಭಾರ ಎಲ್ಲವೂ ದೊರೆತಿದ್ದರೆ ಭಾರತೀಯ ಸೈನಿಕನಿಗೆ ದೊರೆತದ್ದು ಒಂದು ಪ್ರಾಣಿಯ ಸಂಕೇತ. ಅಂಥ ಸ್ಮಾರಕಗಳ ರೂಪವನ್ನು ಶಿಲ್ಪಿಯೊಬ್ಬನೇ ನಿರ್ಧರಿಸುವುದಿಲ್ಲವೆಂಬುದು ನಿಜ. ಆದರೂ ಸಾವಿನ ಸತ್ಯಕ್ಕಾಗಿ ಸಮಿತಿಯೊಡನೆ ಸೆಣಸಿದ ಕೈಯೇ ಇಲ್ಲಿ ಸಂಕೇತಕ್ಕೆ ತೃಪ್ತವಾಯಿತೆಂಬುದು ವಸಾಹತುಶಾಹಿ ದೃಷ್ಟಿಯ ಮಿತಿಯನ್ನು ತೋರಿಸುತ್ತದೆ. 1967ರಿಂದ 1973ರವರೆಗಿನ ಅರಬ್–ಇಸ್ರೇಲ್ ಸಂಘರ್ಷದಲ್ಲಿ ಆ ಸ್ಮಾರಕ ನಾಶವಾಯಿತು. 1980ರಲ್ಲಿ ಕೈರೋದ ಹೀಲಿಯೊಪೊಲಿಸ್ ಸಮಾಧಿಭೂಮಿಯಲ್ಲಿ ಹೊಸ ಸ್ಮಾರಕವೊಂದು ಎದ್ದು, ಮಡಿದವರ ಹೆಸರುಗಳು ಅಲ್ಲಿ ಉಳಿದವು.

ನವದೆಹಲಿಯ ನಿರ್ಮಾಣದಲ್ಲಿಯೂ ಜ್ಯಾಗರನ ಪಾತ್ರವಿತ್ತು. ವೈಸರಾಯ್ ಆಗಿದ್ದ ರೀಡಿಂಗ್‌ನ ಪ್ರತಿಮೆಯನ್ನು ಅವನು ರಚಿಸಿದ. ಸ್ವಾತಂತ್ರ್ಯಾನಂತರ ಅದು ಇಂಗ್ಲೆಂಡಿನ ರೀಡಿಂಗ್ ಪಟ್ಟಣಕ್ಕೆ ಹಿಂದಿರುಗಿತು. ಇಂಡಿಯಾ ಗೇಟ್ ಬಳಿ ಲಟ್ಯೆನ್ಸ್ ವಿನ್ಯಾಸಗೊಳಿಸಿದ ಮಂಟಪಕ್ಕಾಗಿ ಐದನೆಯ ಜಾರ್ಜ್ ದೊರೆಯ ಅಮೃತಶಿಲೆಯ ಪ್ರತಿಮೆ ಅವನ ಕೊನೆಯ ದೊಡ್ಡ ಕೆಲಸ. ಅದು ಮುಗಿಯುವ ಮೊದಲೇ, 1934ರ ನವೆಂಬರ್ 16ರಂದು, ನ್ಯುಮೋನಿಯಾದಿಂದ ಅವನು ತೀರಿಕೊಂಡ. ಆಗ ಅವನಿಗೆ 48 ವರ್ಷ. ಪ್ರತಿಮೆ 1936ರಲ್ಲಿ ಅನಾವರಣಗೊಂಡಿತು. 1965ರ ಆಗಸ್ಟ್‌ನಲ್ಲಿ ಸಂಯುಕ್ತ ಸಮಾಜವಾದಿ ಪಕ್ಷದ ಕಾರ್ಯಕರ್ತರು ಅದಕ್ಕೆ ಟಾರು ಬಳಿದು, ಮೂಗನ್ನೂ ಒಂದು ಕಿವಿಯನ್ನೂ ಭಗ್ನಗೊಳಿಸಿ, ಸುಭಾಷ್‌ಚಂದ್ರ ಬೋಸರ ಭಾವಚಿತ್ರವೊಂದನ್ನು ಅಲ್ಲಿರಿಸಿ ಹೋದರು. 1968ರಲ್ಲಿ ಪ್ರತಿಮೆಯನ್ನು ನಗರದ ಹೊರವಲಯದ ಕೊರೊನೇಷನ್ ಪಾರ್ಕಿಗೆ ಸಾಗಿಸಲಾಯಿತು. ಅರ್ಧ ಶತಮಾನಕ್ಕೂ ಮಿಕ್ಕಿ ಬರಿದಾಗಿದ್ದ ಆ ಮಂಟಪದಲ್ಲಿ 2022ರ ಸೆಪ್ಟೆಂಬರ್ 8ರಂದು ಬೋಸರ 28 ಅಡಿ ಎತ್ತರದ ಗ್ರಾನೈಟ್ ಪ್ರತಿಮೆ ಅನಾವರಣಗೊಂಡಿತು. ಅದನ್ನು ಕೆತ್ತಿದ ತಂಡದ ಮುಖ್ಯಶಿಲ್ಪಿ ಮೈಸೂರಿನ ಅರುಣ್ ಯೋಗಿರಾಜ್.

ಮರಣಾನಂತರ ಜ್ಯಾಗರನ ಹೆಸರು ಬಹುಕಾಲ ಹಿನ್ನೆಲೆಗೆ ಸರಿಯಿತು. ಹೆನ್ರಿ ಮೂರ್, ಬಾರ್ಬರಾ ಹೆಪ್‌ವರ್ತ್ ಮೊದಲಾದವರ ಆಧುನಿಕ ಶಿಲ್ಪದ ಎದುರಿಗೆ ಅವನ ವಾಸ್ತವಮಾರ್ಗ ಹಳತೆನಿಸಿತು. ಅವನ ಜನ್ಮಶತಮಾನೋತ್ಸವದ ಸಂದರ್ಭದಲ್ಲಿ, 1985ರಲ್ಲಿ, ಇಂಪೀರಿಯಲ್ ವಾರ್ ಮ್ಯೂಸಿಯಂ ಏರ್ಪಡಿಸಿದ ಪ್ರದರ್ಶನ ಮರುಮೌಲ್ಯಮಾಪನಕ್ಕೆ ದಾರಿ ಮಾಡಿತು. 2014ರಲ್ಲಿ, ಮಹಾಯುದ್ಧದ ಶತಮಾನದ ನೆನಪಿಗೆ, ಪ್ಯಾಡಿಂಗ್ಟನ್ನಿನ ಸೈನಿಕನ ಕೈಯಲ್ಲಿರುವ ಕಾಗದವನ್ನು ಬರೆಯುವಂತೆ ಸಾರ್ವಜನಿಕರನ್ನು ಆಹ್ವಾನಿಸಿದಾಗ 21,000ಕ್ಕೂ ಹೆಚ್ಚು ಮಂದಿ ಬರೆದು ಕಳುಹಿಸಿದರು.

ಒಬ್ಬನೇ ಶಿಲ್ಪಿಯ ಎರಡು ಬಗೆಯ ಕೃತಿಗಳಿಗೆ ಒದಗಿದ ಈ ಭಿನ್ನ ಗತಿಯನ್ನು ಕೌಶಲದ ಹೆಚ್ಚುಕಡಿಮೆಯಿಂದ ವಿವರಿಸಲಾಗದು. ದೊರೆಯ ಪ್ರತಿಮೆ ನೋಡುವವನಿಂದ ವಿಧೇಯತೆಯನ್ನು ಬೇಡಿತು. ಪ್ರಭುತ್ವ ಬದಲಾದೊಡನೆ ಅದಕ್ಕೆ ನೆಲೆ ತಪ್ಪಿತು. ಕಾಗದ ಓದುವ ಸೈನಿಕ ನೋಡುವವನಿಗೆ ಒಂದು ಸ್ಥಳವನ್ನು ಬಿಟ್ಟುಕೊಟ್ಟ. ಆದ್ದರಿಂದ ನೂರು ವರ್ಷಗಳ ಬಳಿಕವೂ ಜನ ಅವನಿಗೆ ಕಾಗದ ಬರೆದರು. ಇವೆರಡರ ನಡುವೆ ಪೋರ್ಟ್ ತೌಫೀಕ್‌ನ ಹುಲಿಗಳಿವೆ. ದೇಹವೇ ದೊರೆಯದ ಆ ಸೈನಿಕರನ್ನು ಬಿಟ್ಟು ಜ್ಯಾಗರನ ಸಾಧನೆಯನ್ನು ಅಳೆಯಹೊರಟರೆ ಆ ಅಳತೆ ಅಪೂರ್ಣವಾಗುತ್ತದೆ.