ಸೊಲ್ಲಾಪುರದ ವ್ಯಾಪಾರಿ ಹಾಕಿದ ವಿಮಾನ ಕಾರ್ಖಾನೆ

ಉಳವಿ: ಭಾರತ ಹುಣ್ಣಿಮೆ ಜಾತ್ರೆಗೆ ಚಕ್ಕಡಿ ಕಟ್ಟಿಕೊಂಡು ಉಳವಿಗೆ ಬರುವವರಿಗೆ ಚನ್ನಬಸವಣ್ಣನ ಜೊತೆ ಸೊನ್ನಲಿಗೆಯ ಸಿದ್ಧರಾಮನ ಹೆಸರೂ ಗೊತ್ತು. ಆ ಸೊನ್ನಲಿಗೆಯೇ ಇವತ್ತಿನ ಸೊಲ್ಲಾಪುರ. ಅದೇ ಊರಿನ ವ್ಯಾಪಾರಿಯೊಬ್ಬರು ಬೆಂಗಳೂರಿನಲ್ಲಿ ದೇಶದ ಮೊದಲ ವಿಮಾನ ಕಾರ್ಖಾನೆ ಹಾಕಿದರು. 16 ತಿಂಗಳು ತುಂಬುವ ಮೊದಲೇ ಅದನ್ನು ಸರ್ಕಾರಕ್ಕೆ ಬಿಟ್ಟುಕೊಡಬೇಕಾಯಿತು. ಅವರೇ ವಾಲ್‌ಚಂದ್ ಹಿರಾಚಂದ್.

ವಾಲ್‌ಚಂದ್ ಹುಟ್ಟಿದ್ದು 1882ರ ನವೆಂಬರ್ 23ರಂದು, ಗುಜರಾತಿ ಜೈನ ಮನೆತನದಲ್ಲಿ. ಮನೆಯಲ್ಲಿ ಹತ್ತಿ ವ್ಯಾಪಾರ, ಲೇವಾದೇವಿ ಇತ್ತು. ಹುಡುಗನಿಗೆ ಅದು ಹಿಡಿಸಲಿಲ್ಲ. ಕಾಲೇಜಿನ ನಂತರ ರೈಲ್ವೆ ಕಂತ್ರಾಟಿಗೆ ಇಳಿದರು. ಬೋರ್ ಘಾಟಿನ ಸುರಂಗದ ಕೆಲಸವನ್ನೂ ಮಾಡಿಸಿದರು.

ಕೈಯಲ್ಲಿ ದುಡ್ಡು ಬಂದ ಮೇಲೆ ಸುಮ್ಮನೆ ಕೂರಲಿಲ್ಲ. 1919ರಲ್ಲಿ ಪಾಲುದಾರರ ಜೊತೆ ಸೇರಿ ಸಿಂಧಿಯಾ ಹಡಗು ಕಂಪನಿ ಶುರು ಮಾಡಿದರು. ಅವರ ಲಾಯಲ್ಟಿ ಹಡಗು ಆ ವರ್ಷ ಏಪ್ರಿಲ್ 5ರಂದು ಮುಂಬಯಿಯಿಂದ ಲಂಡನ್ನಿಗೆ ಹೊರಟಿತು. ಬ್ರಿಟಿಷ್ ಹಡಗು ಕಂಪನಿಗಳು ಬಾಡಿಗೆ ಇಳಿಸಿ ಹೊಡೆತ ಕೊಟ್ಟರೂ ಅವರು ಹಿಂದೆ ಸರಿಯಲಿಲ್ಲ.

ವಿಮಾನದ ವಿಚಾರ ಬಂದಿದ್ದೂ ವಿಮಾನದಲ್ಲೇ. 1939ರಲ್ಲಿ ಅಮೆರಿಕದಿಂದ ಹೊರಟಿದ್ದಾಗ ವಿಲಿಯಂ ಪಾಲಿ ಎಂಬುವರ ಪರಿಚಯ ಆಯಿತು. ಪಾಲಿ ಚೀನಾದಲ್ಲಿ ವಿಮಾನ ಕಾರ್ಖಾನೆ ನಡೆಸುತ್ತಿದ್ದರು. ಚೀನಾದಲ್ಲಿ ಆಗುವುದು ಭಾರತದಲ್ಲಿ ಯಾಕೆ ಆಗಬಾರದು ಎಂಬುದೇ ವಾಲ್‌ಚಂದ್ ಲೆಕ್ಕಾಚಾರ.

ಜಾಗ ಕೇಳಿ ಕೆಲವು ಸಂಸ್ಥಾನಗಳಿಗೆ ಬರೆದರು. ಕೈ ಚಾಚಿದ್ದು ಮೈಸೂರು. ದಿವಾನ ಮಿರ್ಜಾ ಇಸ್ಮಾಯಿಲ್ ಜಾಗ ಕೊಡಿಸಿದರು, ಮೈಸೂರು ಸರ್ಕಾರವೇ ಪಾಲುದಾರನೂ ಆಯಿತು. 1940ರ ಡಿಸೆಂಬರ್ 23ರಂದು ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ನೋಂದಣಿ ಆಯಿತು. ಪಾವತಿಯಾದ ಬಂಡವಾಳ 40 ಲಕ್ಷ ರೂಪಾಯಿ. ಮರುವರ್ಷವೇ ಅಲ್ಲಿ ಜೋಡಿಸಿದ ಹಾರ್ಲೊ ತರಬೇತಿ ವಿಮಾನ ಹಾರಿತು.

ಅಷ್ಟರಲ್ಲಿ ಜಪಾನ್ ಬರ್ಮಾದೊಳಗೆ ನುಗ್ಗಿತ್ತು. ಯುದ್ಧ ಬಾಗಿಲಿಗೆ ಬಂದಾಗ ಕಾರ್ಖಾನೆ ತನ್ನ ಕೈಯಲ್ಲೇ ಇರಬೇಕು ಅಂತ ಬ್ರಿಟಿಷ್ ಸರ್ಕಾರ ಪಟ್ಟು ಹಿಡಿಯಿತು. 1942ರ ಏಪ್ರಿಲ್‌ನಲ್ಲಿ ವಾಲ್‌ಚಂದ್ ಪಾಲನ್ನು ಕೊಂಡುಕೊಂಡಿತು. ಮೈಸೂರು ತನ್ನ ಪಾಲು ಮಾರಲಿಲ್ಲ, ಆದರೆ ಆಡಳಿತ ಬಿಟ್ಟುಕೊಟ್ಟಿತು. 1943ರಲ್ಲಿ ಕಾರ್ಖಾನೆ ಅಮೆರಿಕದ ವಾಯುಪಡೆಯ ರಿಪೇರಿ ಕೇಂದ್ರವಾಯಿತು.

ಕಾರ್ಖಾನೆ ಕೈತಪ್ಪಿದರೂ ಅಲ್ಲಿ ಕಲಿತ ಕೆಲಸ ಹೋಗಲಿಲ್ಲ. ಅದು ಗೊತ್ತಾಗಿದ್ದು ಲಿಬರೇಟರ್ ಬಾಂಬರ್‌ಗಳಿಂದ. ಅಮೆರಿಕದ ಕನ್ಸಾಲಿಡೇಟೆಡ್ ಕಂಪನಿಯ ಈ ನಾಲ್ಕು ಎಂಜಿನ್ನಿನ ವಿಮಾನ ಯುದ್ಧದ ಕಾಲದಲ್ಲಿ 18 ಸಾವಿರಕ್ಕೂ ಹೆಚ್ಚು ತಯಾರಾಗಿತ್ತು. ಯುದ್ಧ ಮುಗಿದ ಮೇಲೆ ಬ್ರಿಟಿಷರು ಹತ್ತಾರು ಲಿಬರೇಟರ್‌ಗಳನ್ನು ಕಾನ್ಪುರದಲ್ಲಿ ಬಿಟ್ಟರು. ಯಾರೂ ಮತ್ತೆ ಹಾರಿಸಬಾರದು ಅಂತ ಕೆಡಿಸಿಯೇ ಹೋಗಿದ್ದರು.

ಸ್ವತಂತ್ರ ಭಾರತದ ಬಳಿ ಆಗ ದೊಡ್ಡ ಬಾಂಬರ್ ಇರಲಿಲ್ಲ. ಈ ಗುಜರಿಯನ್ನು ಹಾರಿಸುವ ಕೆಲಸ ಬೆಂಗಳೂರಿನ ಕಾರ್ಖಾನೆಗೆ ಬಂತು. ಒಂದರ ಭಾಗ ಬಿಚ್ಚಿ ಇನ್ನೊಂದಕ್ಕೆ ಹಾಕಿ, ಹಾರುವಷ್ಟು ಮಾತ್ರ ಸರಿಮಾಡಿದರು. ಪೈಲಟ್ ಜಮ್‌ಶೆಡ್ ಮುನ್ಶಿ ಜೀವ ಕೈಯಲ್ಲಿ ಹಿಡಿದು ಅವನ್ನು ಬೆಂಗಳೂರಿಗೆ ತಂದರು. ಪೂರ್ತಿ ರಿಪೇರಿ ಆಗಿದ್ದು ಇಲ್ಲಿ. 1948ರ ನವೆಂಬರ್‌ನಲ್ಲಿ ವಾಯುಪಡೆಯ 5ನೇ ಸ್ಕ್ವಾಡ್ರನ್ ಈ ವಿಮಾನಗಳಿಂದಲೇ ಶುರುವಾಯಿತು. ಲಿಬರೇಟರ್‌ಗಳು 1968ರ ತನಕ ಸೇವೆಯಲ್ಲಿದ್ದವು.

ವಾಲ್‌ಚಂದ್ ಕಟ್ಟಿಸಿದ ವಿಶಾಖಪಟ್ಟಣದ ಹಡಗು ಕಟ್ಟೆಯೂ 1952ರಲ್ಲಿ ಸರ್ಕಾರದ ಕೈಗೆ ಹೋಯಿತು. ಅಷ್ಟು ಹೊತ್ತಿಗೆ ಪಾರ್ಶ್ವವಾಯು ಅವರನ್ನು ಹಣ್ಣು ಮಾಡಿತ್ತು. 1953ರ ಏಪ್ರಿಲ್ 8ರಂದು ತೀರಿಕೊಂಡರು.

ಅವರ ಹೆಸರು ಕೇಳದವರೂ ಅವರ ಸರಕು ಕಂಡಿದ್ದಾರೆ. ಕಿರಾಣಿ ಅಂಗಡಿಯ ಬರಣಿಯಲ್ಲಿದ್ದ ಪಾನ್ ಪಸಂದ್ ಅವರು ಸ್ಥಾಪಿಸಿದ ರಾವಳಗಾಂವ್ ಕಂಪನಿಯದ್ದಾಗಿತ್ತು. ಪ್ರೀಮಿಯರ್ ಪದ್ಮಿನಿ ಕಾರು 1944ರಲ್ಲಿ ಅವರು ಹಾಕಿದ ಕಂಪನಿಯದ್ದು. ಇನ್ನು ಆ ವಿಮಾನ ಕಂಪನಿಯೇ 1964ರಲ್ಲಿ ಹಿಂದೂಸ್ತಾನ್ ಏರೋನಾಟಿಕ್ಸ್ ಆಯಿತು. ಐಟಿಐ ಮುಗಿಸಿದ ಹುಡುಗರು ಅಪ್ರೆಂಟಿಸ್ ಅರ್ಜಿ ಹಾಕುವ ಎಚ್‌ಎಎಲ್ ಅದೇ.