ಎಂ. ವಿ. ಗೋವಿಂದಸ್ವಾಮಿ

ಡಾ. ಎಂ. ವಿ. ಗೋವಿಂದಸ್ವಾಮಿ (1904–1961) ಮೈಸೂರು ಸಂಸ್ಥಾನದ ಹೆಸರಾಂತ ಮನೋವೈದ್ಯರು ಹಾಗೂ ಬೆಂಗಳೂರಿನ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯ ಮೊದಲ ನಿರ್ದೇಶಕರು. ಇಂದಿನ ನಿಮ್ಹಾನ್ಸ್ ರೂಪುಗೊಂಡದ್ದು ಈ ಸಂಸ್ಥೆಯಿಂದ.

ಹಿನ್ನೆಲೆ

19ನೆಯ ಶತಮಾನದ ನಡುಭಾಗದಲ್ಲಿ ಆರಂಭವಾದ ಬೆಂಗಳೂರಿನ ಹುಚ್ಚಾಸ್ಪತ್ರೆಗೆ 1925ರಲ್ಲಿ ಮಾನಸಿಕ ಆಸ್ಪತ್ರೆ ಎಂಬ ಹೆಸರು ಬಂದಿತು. 1930ರ ದಶಕದಲ್ಲಿ ಅದು ಲಕ್ಕಸಂದ್ರದ ವಿಶಾಲ ಆವರಣವನ್ನು ಸೇರಿತು. ಹುಳಿಯಾರು, ತುರುವೇಕೆರೆಯಂತಹ ತೆಂಗಿನ ಸೀಮೆಯ ಊರುಗಳಿಂದ ಅದು ಬಹುದೂರ. ಮನೆಯ ಮಗನೋ ಸೊಸೆಯೋ ನಿದ್ದೆಗೆಟ್ಟು, ತಮ್ಮಷ್ಟಕ್ಕೆ ತಾವೇ ಮಾತನಾಡುತ್ತ, ಸ್ವಂತದವರನ್ನೇ ಶಂಕಿಸತೊಡಗಿದರೆ ನಾಡಿನ ಹಳ್ಳಿಗಳಲ್ಲಿ ಅದನ್ನು ಗಾಳಿ ಸೋಕಿದ್ದೆಂದೋ ಮಾಟವೆಂದೋ ಬಗೆಯುವುದು ರೂಢಿಯಾಗಿತ್ತು. ಹರಕೆ, ತಾಯಿತಗಳೆಲ್ಲ ಮುಗಿದ ಬಳಿಕವೇ ಆಸ್ಪತ್ರೆಯ ಯೋಚನೆ ಬರುತ್ತಿತ್ತು. ಅಷ್ಟರಲ್ಲಿ ಕಾಯಿಲೆ ಬಲಿತಿರುತ್ತಿತ್ತು.

ವೃತ್ತಿಜೀವನ

ಗೋವಿಂದಸ್ವಾಮಿಯವರು ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಅಡಾಲ್ಫ್ ಮೇಯರ್ ಅವರ ಬಳಿ ತರಬೇತಿ ಪಡೆದರು. ಮಾನಸಿಕ ರೋಗವನ್ನು ರೋಗಿಯ ಇಡೀ ಬಾಳಿನ ಹಿನ್ನೆಲೆಯಲ್ಲಿ ಅರಿಯಬೇಕೆಂಬುದು ಮೇಯರ್ ಅವರ ನಿಲುವು. ಈ ಪದ್ಧತಿಯಲ್ಲಿ ಮನೆಯವರ ಮಾತಿಗೆ ವಿಶೇಷ ಬೆಲೆಯಿದೆ. ಬದಲಾವಣೆ ಯಾವಾಗ ಆರಂಭವಾಯಿತು, ಮೊದಲು ಆ ವ್ಯಕ್ತಿ ಹೇಗಿದ್ದರು, ಕೆಲಸ ಬಿಟ್ಟದ್ದು ಎಂದು ಎಂಬುದನ್ನು ರೋಗಿಗಿಂತ ಸ್ಪಷ್ಟವಾಗಿ ಹೇಳಬಲ್ಲವರು ಹಲವೊಮ್ಮೆ ಜೊತೆಯಲ್ಲಿ ಬಾಳಿದವರೇ.

ಡಾ. ಫ್ರಾಂಕ್ ನೊರೊನ್ಹಾ ಅವರ ನಂತರ ಅವರು ಮಾನಸಿಕ ಆಸ್ಪತ್ರೆಯ ಅಧೀಕ್ಷಕರಾದರು. 1940ರ ದಶಕದಲ್ಲಿ, ಪರಿಣಾಮಕಾರಿ ಔಷಧಿಗಳು ಇನ್ನೂ ಬಂದಿರದ ಕಾಲದಲ್ಲಿ, ಶಸ್ತ್ರವೈದ್ಯ ಡಾ. ಬಿ. ಎನ್. ಬಾಲಕೃಷ್ಣ ರಾವ್ ಅವರೊಡನೆ ಮಿದುಳಿನ ಮುಂಭಾಗದ ತಂತುಗಳನ್ನು ಕತ್ತರಿಸುವ ಲ್ಯೂಕಾಟಮಿ ಶಸ್ತ್ರಚಿಕಿತ್ಸೆಯನ್ನೂ ಕೈಗೊಂಡರು. 1944ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಇದರ ವರದಿಯನ್ನು ಪ್ರಕಟಿಸಿತು. ವ್ಯಕ್ತಿತ್ವವನ್ನೇ ಮಾರ್ಪಡಿಸಬಲ್ಲ ಈ ವಿಧಾನವು 1950ರ ದಶಕದಲ್ಲಿ ಕ್ಲೋರ್‌ಪ್ರೊಮಜೀನ್ ಬಳಕೆಗೆ ಬಂದ ಮೇಲೆ ಜಗತ್ತಿನೆಲ್ಲೆಡೆ ಹಿಂದೆ ಸರಿಯಿತು. ಅವರ ಸಾಧನೆಗಳಲ್ಲಿ ಇಂದು ಸುಲಭವಾಗಿ ಹೊಗಳಲಾಗದ ಭಾಗವಿದು.

ಸಂಸ್ಥೆಯ ಸ್ಥಾಪನೆ

ಭಾರತದಲ್ಲಿ ಮನೋವೈದ್ಯರ ತೀವ್ರ ಕೊರತೆಯನ್ನು ಕಂಡ ಭೋರ್ ಸಮಿತಿ 1946ರ ವರದಿಯಲ್ಲಿ ತರಬೇತಿಗೆ ಒತ್ತು ನೀಡಿತು. 1954ರ ಡಿಸೆಂಬರ್ 27ರಂದು ಬೆಂಗಳೂರಿನ ಆಸ್ಪತ್ರೆಯೊಂದಿಗೇ ಹೊಸ ಸಂಸ್ಥೆ ಆರಂಭವಾಯಿತು. ಮನೋವೈದ್ಯರ ಜೊತೆಗೆ ಮನಶ್ಶಾಸ್ತ್ರಜ್ಞರಿಗೂ ಅಲ್ಲಿ ಶಿಕ್ಷಣ ದೊರೆಯಿತು. ಸಂಸ್ಥೆಯ ಮೊದಲ ವರ್ಷಗಳಲ್ಲಿ ಜರ್ಮನ್ ಮೂಲದ ಮನೋವೈದ್ಯ ವಿಲ್ಹೆಲ್ಮ್ ಮೇಯರ್-ಗ್ರಾಸ್ ಅವರೂ ಇಲ್ಲಿಗೆ ಬಂದು ನೆರವಾದರು.

ನಂತರದ ಬೆಳವಣಿಗೆ

1974ರಲ್ಲಿ ಆಸ್ಪತ್ರೆ ಮತ್ತು ಸಂಸ್ಥೆಗಳು ಒಂದಾಗಿ ನಿಮ್ಹಾನ್ಸ್ ಆಯಿತು. ಮುಂದೆ ಅದರ ವೈದ್ಯರು ತುರುವೇಕೆರೆ ತಾಲ್ಲೂಕಿನಲ್ಲಿ ಸ್ಕಿಜೋಫ್ರೇನಿಯಾ ಇರುವವರನ್ನು ಅವರ ಊರಿನಲ್ಲಿಯೇ ಗುರುತಿಸಿ, ಮನೆಯವರ ನಡುವೆಯೇ ಚಿಕಿತ್ಸೆ ಮುಂದುವರಿಸುವ ಕಾರ್ಯಕ್ರಮವನ್ನು ನಡೆಸಿದರು.