ಚಿನ್ನದ ಗಣಿಗೆ ಉಪಕರಣ ಇಳಿಸಿದ ಭಾಭಾ

ಮಕ್ಕಳೇ, ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಹೋಗುವ ರೈಲಿನಲ್ಲಿ ನೀವು ಎಂದಾದರೂ ಕುಳಿತಿದ್ದೀರಾ? ದಾರಿಯಲ್ಲಿ ಚಾಂಪಿಯನ್ ಎಂಬ ಪುಟ್ಟ ನಿಲ್ದಾಣ ಸಿಗುತ್ತದೆ. ಕೋಲಾರ ಚಿನ್ನದ ಗಣಿ ಪ್ರದೇಶದ ಚಾಂಪಿಯನ್ ರೀಫ್ಸ್ ಇದೇ. ಇಲ್ಲಿನ ಗಣಿ ಮೂರು ಕಿಲೋಮೀಟರಿಗಿಂತಲೂ ಆಳ. ಕಾರ್ಮಿಕರು ಚಿನ್ನಕ್ಕಾಗಿ ಇಳಿಯುತ್ತಿದ್ದ ಆ ಕತ್ತಲಿಗೆ ವಿಜ್ಞಾನಿಗಳೂ ಇಳಿದರು. ಅವರನ್ನು ಅಲ್ಲಿಗೆ ಕಳುಹಿಸಿದವರು ಹೋಮಿ ಜಹಾಂಗೀರ್ ಭಾಭಾ.

ಭಾಭಾ 1909ರ ಅಕ್ಟೋಬರ್ 30ರಂದು ಮುಂಬಯಿಯಲ್ಲಿ ಹುಟ್ಟಿದರು. ಆದರೂ ನಮ್ಮ ನಾಡಿನ ನಂಟು ಅವರಿಗೆ ಮೊದಲೇ ಇತ್ತು. ಅವರ ತಾತ ಮೈಸೂರು ಸಂಸ್ಥಾನದಲ್ಲಿ ಶಿಕ್ಷಣ ಇಲಾಖೆಯ ಇನ್ಸ್‌ಪೆಕ್ಟರ್ ಜನರಲ್ ಆಗಿದ್ದರು. ಭಾಭಾ ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿ ಮೊದಲು ಎಂಜಿನಿಯರಿಂಗ್, ಬಳಿಕ ಭೌತವಿಜ್ಞಾನ ಓದಿದರು. 1939ರಲ್ಲಿ ರಜೆಗೆಂದು ಬಂದಿದ್ದಾಗ ಎರಡನೆಯ ಮಹಾಯುದ್ಧ ಆರಂಭವಾಯಿತು. ಹಿಂದಿರುಗಲು ಆಗಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಿದರು. ಆಗ ಸಿ.ವಿ. ರಾಮನ್ ಅಲ್ಲಿದ್ದರು.

ಅಲ್ಲಿ ಭಾಭಾ ವಿಶ್ವಕಿರಣಗಳ ಅಧ್ಯಯನ ಆರಂಭಿಸಿದರು. ವಿಶ್ವಕಿರಣ ಎಂದರೆ ಅಂತರಿಕ್ಷದಿಂದ ನಮ್ಮ ಮೇಲೆ ಸದಾ ಬೀಳುತ್ತಿರುವ ಕಣಗಳ ಮಳೆ. ಈ ಮಳೆ ಕಣ್ಣಿಗೆ ಕಾಣದು. ಇದನ್ನು ಹಿಡಿಯಲು ಗೈಗರ್ ಕೊಳವೆ ಬೇಕು. ಕೊಳವೆಯೊಳಗೆ ಅನಿಲ, ನಡುವೆ ಒಂದು ತೆಳು ತಂತಿ. ಕಣ ಹಾದುಹೋದರೆ ತಂತಿಯಲ್ಲಿ ವಿದ್ಯುತ್ತಿನ ಸಣ್ಣ ಮಿಡಿತ ಹುಟ್ಟುತ್ತದೆ. ಆದರೆ ಒಂದೇ ಕೊಳವೆಯ ಮಾತು ನಂಬುವಂತಿಲ್ಲ. ಹೊಲದ ಮೂವರು ಕಾವಲುಗಾರರು ಒಟ್ಟಿಗೆ ಕೂಗಿದರೆ ಮಾತ್ರ ಹಂದಿ ಬಂದಿದೆ ಎನ್ನುತ್ತೇವಲ್ಲ, ಹಾಗೆ! ಸಾಲಾಗಿಟ್ಟ ಕೊಳವೆಗಳೆಲ್ಲ ಒಂದೇ ಕ್ಷಣದಲ್ಲಿ ಮಿಡಿದರೆ ಮಾತ್ರ ಲೆಕ್ಕ. ಹಾಗೆ ಮಿಡಿದವೇ ಎಂದು ನೋಡುವುದು ಎಲೆಕ್ಟ್ರಾನಿಕ್ ಮಂಡಲದ ಕೆಲಸ. ಯುದ್ಧದ ಕಾಲದಲ್ಲಿ ಹೊರದೇಶದಿಂದ ಉಪಕರಣ ತರಿಸುವುದು ಕಷ್ಟ. ಬೇಕಾದುದನ್ನು ಇಲ್ಲಿಯೇ ಮಾಡಿಕೊಳ್ಳಬೇಕಾಯಿತು.

1945ರಲ್ಲಿ ಭಾಭಾ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯನ್ನು ಕಟ್ಟಿದರು. ಅದು ಬೆಂಗಳೂರಿನಲ್ಲಿ ಆರಂಭವಾಗಿ, ಅದೇ ವರ್ಷ ಮುಂಬಯಿಗೆ ಹೋಯಿತು. ನಂಜನಗೂಡಿನ ಕಡೆಯ ತರುಣ ಬಿ.ವಿ. ಶ್ರೀಕಂಠನ್ 1948ರಲ್ಲಿ ಅಲ್ಲಿ ಸೇರಿದರು. ಅವರು ರೇಡಿಯೊ ವಿದ್ಯೆ ಬಲ್ಲವರು. 1951ರಲ್ಲಿ ಭಾಭಾ ಅವರನ್ನು ಕೋಲಾರದ ಗಣಿಗೆ ಕಳುಹಿಸಿದರು. ಆಳಕ್ಕೆ ಹೋದಂತೆ ಎಷ್ಟು ಕಣಗಳು ಬಂಡೆಯನ್ನು ತೂರಿ ಬರುತ್ತವೆ ಎಂದು ಅಳೆಯಬೇಕಿತ್ತು.

ಮುಂದಿನ ವರ್ಷಗಳಲ್ಲಿ ಉಪಕರಣಗಳು ಇನ್ನೂ ಕೆಳಗಿಳಿದವು. ಸುಮಾರು 2.7 ಕಿಲೋಮೀಟರ್ ಆಳದಲ್ಲಿ ಎರಡು ತಿಂಗಳು ಕಾದರೂ ಒಂದು ಕಣವೂ ಸಿಗಲಿಲ್ಲ. ಸೋಲು ಎನ್ನುತ್ತೀರಾ? ಅಲ್ಲ. ಅಷ್ಟು ನಿಶ್ಶಬ್ದವಾದ ಜಾಗವೇ ನ್ಯೂಟ್ರಿನೊ ಎಂಬ, ಭೂಮಿಯನ್ನೇ ತೂರಬಲ್ಲ ಕಣವನ್ನು ಹುಡುಕಲು ತಕ್ಕ ಸ್ಥಳ! 1965ರಲ್ಲಿ ಚಾಂಪಿಯನ್ ರೀಫ್ ಗಣಿಯಲ್ಲಿ, 2.3 ಕಿಲೋಮೀಟರ್ ಆಳದಲ್ಲಿ, ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೊದ ಗುರುತು ಸಿಕ್ಕಿತು. ಜಪಾನ್ ಮತ್ತು ಇಂಗ್ಲೆಂಡಿನ ವಿಜ್ಞಾನಿಗಳೂ ಈ ಕೆಲಸದಲ್ಲಿ ಜೊತೆಗಿದ್ದರು. ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯೊಂದರಲ್ಲೂ ಅದೇ ವರ್ಷ ಇಂಥದೇ ಗುರುತು ಸಿಕ್ಕಿತು.

ಇದಕ್ಕೂ ದೇಶದ ರಕ್ಷಣೆಗೂ ಏನು ಸಂಬಂಧ? ಕಣ ಎಣಿಸುವ ಮಂಡಲವನ್ನು ಜೋಡಿಸಬಲ್ಲ ಕೈಗಳು ಸೈನ್ಯದ ವೈರ್‌ಲೆಸ್ ಯಂತ್ರವನ್ನೂ ರಾಡಾರನ್ನೂ ಜೋಡಿಸಬಲ್ಲವು. ಸೈನ್ಯದ ರೇಡಿಯೊಗಳಿಗಾಗಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ 1954ರಲ್ಲೇ ಸ್ಥಾಪನೆಯಾಗಿತ್ತು. ಆದರೆ 1962ರಲ್ಲಿ ಚೀನಾದೊಂದಿಗೆ ಯುದ್ಧವಾದಾಗ ಇಂಥ ಉಪಕರಣಗಳ ಕೊರತೆ ಕಣ್ಣಿಗೆ ಬಿತ್ತು. ಗಡಿಯ ಬೆಟ್ಟದಲ್ಲಿರುವ ಸೈನಿಕನಿಗೆ ಸುದ್ದಿ ತಲುಪದಿದ್ದರೆ ಅವನ ಗತಿಯೇನು, ನೀವೇ ಯೋಚಿಸಿ. ಬಿಡಿಭಾಗ ಕೊಡುವ ದೇಶ ಯುದ್ಧದ ನಡುವೆ ಒಲ್ಲೆ ಎಂದುಬಿಟ್ಟರೆ?

1963ರಲ್ಲಿ ಸರ್ಕಾರ ಒಂದು ಎಲೆಕ್ಟ್ರಾನಿಕ್ಸ್ ಸಮಿತಿ ರಚಿಸಿತು. ಭಾಭಾ ಅದರ ಅಧ್ಯಕ್ಷರು. ವಿಕ್ರಮ್ ಸಾರಾಭಾಯಿ, ಎಸ್. ಭಗವಂತಂ, ಎ.ಎಸ್. ರಾವ್ ಸದಸ್ಯರು. ಯಾವ ಯಾವ ಯಂತ್ರ ಬೇಕು ಎಂಬುದಷ್ಟೇ ಅಲ್ಲ, ಅದರೊಳಗಿನ ರೆಸಿಸ್ಟರ್, ಕೆಪಾಸಿಟರ್, ಟ್ರಾನ್ಸಿಸ್ಟರುಗಳಂಥ ಪುಟ್ಟ ಭಾಗಗಳೂ ನಮ್ಮಲ್ಲೇ ತಯಾರಾಗಬೇಕು ಎಂಬುದನ್ನು ಸಮಿತಿ ಪರಿಶೀಲಿಸಿತು.

ವರದಿ 1966ರಲ್ಲಿ ಹೊರಬಂತು. ಆದರೆ ಆ ವರ್ಷದ ಜನವರಿ 24ರಂದು ಭಾಭಾ ಪ್ರಯಾಣಿಸುತ್ತಿದ್ದ ವಿಮಾನ ಯುರೋಪಿನ ಮಾಂಟ್ ಬ್ಲಾಂಕ್ ಪರ್ವತಕ್ಕೆ ಅಪ್ಪಳಿಸಿತು. ಅವರಿಗೆ ಆಗ 56 ವರ್ಷ. ಮರುವರ್ಷ ಹೈದರಾಬಾದಿನಲ್ಲಿ ಎಲೆಕ್ಟ್ರಾನಿಕ್ಸ್ ಕಾರ್ಪೊರೇಷನ್ ಆಫ್ ಇಂಡಿಯಾ ಸ್ಥಾಪನೆಯಾಯಿತು. ಅದನ್ನು ಕಟ್ಟಿ ಬೆಳೆಸಿದವರು ಅದೇ ಎ.ಎಸ್. ರಾವ್. ಇತ್ತ ಚಾಂಪಿಯನ್ ರೀಫ್ಸ್‌ನ ಆಳದಲ್ಲಿ ಭಾಭಾ ಅವರ ಸಂಸ್ಥೆಯ ಪ್ರಯೋಗಗಳು ಇನ್ನೂ ಹಲವು ವರ್ಷ ನಡೆದವು.